ರೈಲು ವೇಳಾಪಟ್ಟಿಯಿಂದ ಕಲಿತ ಇಂಗ್ಲಿಷ್

ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕೆಂಗೇರಿ ಕಡೆಗೆ ಹೊರಟರೆ ನಡುವೆ ಜ್ಞಾನಭಾರತಿ ನಿಲ್ದಾಣ ಸಿಗುತ್ತದೆ. ಅಲ್ಲಿನ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲೇ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಆರಂಭವಾದ ಈ ಸಂಸ್ಥೆಗೆ ದಕ್ಷಿಣದ ರಾಜ್ಯಗಳ ಸರ್ಕಾರಿ ಶಾಲೆಗಳ ಇಂಗ್ಲಿಷ್ ಶಿಕ್ಷಕರು ತರಬೇತಿಗೆಂದು ಬರುತ್ತಾರೆ. ಭಾಷಾಬೋಧನೆಯ ಪುಸ್ತಕಗಳಲ್ಲಿ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾದ ಪ್ರಯೋಗಕ್ಕೂ ಈ ಸಂಸ್ಥೆಗೂ ನೇರ ನಂಟು. ಹೊರದೇಶದ ವಿದ್ಯಾರ್ಥಿಗಳು ಪರೀಕ್ಷೆಗೆ ಓದುವ ಈ ಪ್ರಯೋಗ ನಮ್ಮೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ ಎಂಬುದು ಬೇಸರದ ಸಂಗತಿ.

ಇದರ ರೂವಾರಿ ಎನ್.ಎಸ್. ಪ್ರಭು. ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವೇ ಶಾಲೆಗಳಲ್ಲಿ ಅವರೂ ಸಂಗಡಿಗರೂ ವ್ಯಾಕರಣವನ್ನು ಪಾಠವಾಗಿ ಹೇಳುವುದನ್ನೇ ಬಿಟ್ಟುಕೊಟ್ಟರು. ಮಕ್ಕಳ ಮುಂದೆ ರೈಲು ವೇಳಾಪಟ್ಟಿ, ಊರಿನ ನಕಾಶೆ ಇಟ್ಟರು. ಬೆಳಿಗ್ಗೆ ಹೊರಡುವ ರೈಲು ಸಂಜೆಯೊಳಗೆ ಊರು ಮುಟ್ಟಿಸುತ್ತದೆಯೇ? ಎರಡರಲ್ಲಿ ಬೇಗ ಹೋಗುವುದು ಯಾವುದು? ಮೊದಲು ಇಂಥದ್ದೊಂದು ಸಮಸ್ಯೆಯನ್ನು ಮೇಷ್ಟ್ರು ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತ ಬಿಡಿಸುವರು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಮನಸ್ಸೆಲ್ಲ ಉತ್ತರದ ಮೇಲಿದ್ದಾಗ ಭಾಷೆಯ ಕಟ್ಟು ತಂತಾನೇ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. ಸಲಕರಣೆ ಎಂದರೆ ಕಪ್ಪುಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲ್. 1987ರಲ್ಲಿ ಬಂದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕ ಇದನ್ನೆಲ್ಲ ದಾಖಲಿಸಿದೆ.

ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ಮಾಡಿದ ಮೌಲ್ಯಮಾಪನ ಪ್ರಯೋಗವನ್ನು ಎಚ್ಚರಿಕೆಯಿಂದಲೇ ಬೆಂಬಲಿಸಿತು. ಬೆರೆಟ್ಟಾ ಮುಂದೆ ಕಂಡುಕೊಂಡ ಸಂಗತಿ ಇನ್ನೂ ಮುಖ್ಯವಾದದ್ದು: ಶಾಲೆಗಳ ಖಾಯಂ ಶಿಕ್ಷಕರಲ್ಲಿ ಹಲವರಿಗೆ ಈ ವಿಧಾನ ಒಗ್ಗಲಿಲ್ಲ. ಪಠ್ಯದ ಆಸರೆಯಿಲ್ಲದೆ, ಮಕ್ಕಳ ಪ್ರಶ್ನೆಗೆ ನಿಂತಲ್ಲೇ ಇಂಗ್ಲಿಷಿನಲ್ಲಿ ಉತ್ತರಿಸಲು ಧೈರ್ಯ ಬೇಕು, ರೂಢಿಯೂ ಬೇಕು.

ತಂತ್ರಜ್ಞಾನ ಬಂದ ಮೇಲೂ ಈ ತೊಡಕು ಹಾಗೇ ಉಳಿದಿದೆ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಟಿ.ವಿ. ಮೂಲಕ ತಲುಪಿದವು. 2017ರಲ್ಲಿ ಆನ್‌ಲೈನ್ ಕಲಿಕೆಯ ವೇದಿಕೆ ‘ದೀಕ್ಷಾ’ ಬಂತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಮೂಡಿತು, 2020ರಿಂದ ಶಿಕ್ಷಕರ ‘ನಿಷ್ಠಾ’ ತರಬೇತಿಯೂ ಆನ್‌ಲೈನ್ ಆಯಿತು. ಹಳ್ಳಿಯ ಶಿಕ್ಷಕಿಗೆ ಒಳ್ಳೆಯ ಉಚ್ಚಾರಣೆ ಕೈಯಲ್ಲಿನ ಫೋನಿನಲ್ಲೇ ಸಿಗುವುದು ಸಣ್ಣ ಲಾಭವಲ್ಲ. ಆದರೆ ವಿಡಿಯೊ ನೋಡಿ ಪ್ರಮಾಣಪತ್ರ ಪಡೆದ ಮಾತ್ರಕ್ಕೆ ತರಗತಿ ನಿಭಾಯಿಸುವ ಧೈರ್ಯ ಬರುವುದಿಲ್ಲ. ಅದೇ ಫೋನಿನಲ್ಲಿ ತಮ್ಮ ಪಾಠವನ್ನು ತಾವೇ ರೆಕಾರ್ಡ್ ಮಾಡಿ, ಕ್ಲಸ್ಟರ್ ಸಭೆಯಲ್ಲಿ ಜೊತೆಯವರೊಂದಿಗೆ ಕೂತು ನೋಡಿ ಚರ್ಚಿಸಿದರೆ ಹೆಚ್ಚು ಪ್ರಯೋಜನ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವ ಪೋಷಕರು ಸ್ಮಾರ್ಟ್ ಬೋರ್ಡ್ ಯಾವಾಗ ಬರುತ್ತದೆ ಎಂದು ವಿಚಾರಿಸುವಾಗ, ಇಂಗ್ಲಿಷ್ ಕಲಿಸುವವರಿಗೆ ಈ ವರ್ಷ ಎಂಥ ತರಬೇತಿ ಸಿಕ್ಕಿತು ಎಂದೂ ಕೇಳಲಿ.