ಉಗಿಬಂಡಿಗಳ ಅಂಗಳದಲ್ಲಿ ಕಾಯಕದ ಗುರುತುಗಳು

ಸೂಳೆಕೆರೆಯ ಏರಿಯ ಮೇಲೆ ನಿಂತು ಎತ್ತ ನೋಡಿದರೂ ಕಾಣುವುದು ನೀರು, ಗುಡ್ಡ, ಗದ್ದೆ, ಅಡಿಕೆಯ ತೋಟ. ರೈಲಿನ ಹೊಗೆಯಾಗಲಿ ಕೂಗಾಗಲಿ ಈ ಸೀಮೆಗೆ ಸುಳಿಯಲಿಲ್ಲ. ಭೂಪಟವನ್ನು ಬಿಡಿಸಿದರೆ ಕಾರಣ ತಿಳಿಯುತ್ತದೆ. ಬೀರೂರಿನಲ್ಲಿ ಹಳಿಗಳು ಕವಲೊಡೆಯುತ್ತವೆ. ಒಂದು ಕವಲು ಅಜ್ಜಂಪುರ, ಚಿಕ್ಕಜಾಜೂರು, ಮಾಯಕೊಂಡಗಳನ್ನು ದಾಟಿ ದಾವಣಗೆರೆ-ಹರಿಹರಗಳಿಗೆ ಹೋಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗವನ್ನು ಸೇರುತ್ತದೆ. ಚನ್ನಗಿರಿಯ ನೆಲ ಈ ಎರಡು ಕವಲುಗಳ ನಡುವೆ ಉಳಿದುಬಿಟ್ಟಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕು ಪಟ್ಟಣಗಳಲ್ಲಿ ಒಂದಕ್ಕೂ ಇಂದಿಗೂ ರೈಲು ನಿಲ್ದಾಣವಿಲ್ಲ. ನಮ್ಮ ಹಿರಿಯರು ರೈಲು ಹತ್ತಬೇಕೆಂದರೆ ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು, ಪಕ್ಕದ ಸೀಮೆಗೆ ಹೋಗಬೇಕಾಗಿತ್ತು.

ಆದುದರಿಂದ ನಮ್ಮ ಮನೆಗಳ ಮಕ್ಕಳಿಗೆ ರೈಲೆಂಬುದು ಬಹುಮಟ್ಟಿಗೆ ಪಠ್ಯಪುಸ್ತಕದ ಚಿತ್ರ. ಉಗಿಬಂಡಿಯಂತೂ ಅವರ ತಂದೆತಾಯಿಗಳಿಗೂ ಮಸುಕಾದ ನೆನಪು. ವರ್ಷಕ್ಕೊಮ್ಮೆಯಾದರೂ ಸುತ್ತೂರು ಶ್ರೀಮಠದ ಜಾತ್ರೆಗೋ, ನಂಜನಗೂಡಿಗೋ, ದಸರೆಗೋ ಮೈಸೂರಿನ ಕಡೆ ಹೋಗುವ ಕುಟುಂಬಗಳು ನಮ್ಮಲ್ಲಿ ಅನೇಕ. ಅವರು ಅರಮನೆ, ಮೃಗಾಲಯಗಳನ್ನು ನೋಡಿ ಹಿಂದಿರುಗುತ್ತಾರೆ. ಅದೇ ಮೈಸೂರಿನಲ್ಲಿ, ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಕೃಷ್ಣರಾಜಸಾಗರದ ರಸ್ತೆಯಲ್ಲಿ ಆಹಾರ ಸಂಶೋಧನಾಲಯದ ಎದುರಿಗೆ ರೈಲ್ವೆ ವಸ್ತುಸಂಗ್ರಹಾಲಯವೊಂದಿದೆ. ಇದು ಸ್ಥಾಪನೆಯಾದುದು 1979ರಲ್ಲಿ. ದೆಹಲಿಯಲ್ಲಿ 1977ರಲ್ಲಿ ತೆರೆದ ರಾಷ್ಟ್ರೀಯ ಸಂಗ್ರಹಾಲಯದ ತರುವಾಯ ದೇಶದಲ್ಲಿ ಇಂಥದು ಇದೇ ಎರಡನೆಯದು. ಅರ್ಧ ದಿನವನ್ನು ಇದಕ್ಕಾಗಿ ಮೀಸಲಿಟ್ಟರೆ ನಷ್ಟವೇನೂ ಆಗದು.

ಇಲ್ಲಿಗೆ ಹೋಗುವವರು ರೈಲಿನಲ್ಲಿಯೇ ಹೋಗುವುದು ಮೇಲು. ಭದ್ರಾವತಿಯಲ್ಲಿಯೋ ತರೀಕೆರೆಯಲ್ಲಿಯೋ ಹತ್ತಿದರೆ ಬೀರೂರು, ಅರಸೀಕೆರೆ, ಹಾಸನ, ಹೊಳೆನರಸೀಪುರಗಳ ಮೇಲೆ ಮೈಸೂರನ್ನು ಸೇರಬಹುದು. ಇಂದಿನ ಬಂಡಿಯಲ್ಲಿ ಕುಳಿತು ಬಂದ ಮಗುವಿಗೆ ಅಂದಿನ ಬಂಡಿಯನ್ನು ತೋರಿಸಿದಾಗ ಹೋಲಿಕೆ ತಾನಾಗಿಯೇ ಒದಗುತ್ತದೆ. ಹಿರಿಯರು ಹೆಚ್ಚು ವಿವರಿಸುವ ತೊಂದರೆಯೂ ಇರುವುದಿಲ್ಲ.

ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ಕಪ್ಪು ಮೈಯ ಉಗಿ ಎಂಜಿನ್‌ಗಳು. ಒಂದು ಕಾಲಕ್ಕೆ ಮೀಟರ್‌ ಗೇಜ್‌ ಹಳಿಗಳ ಮೇಲೆ ಪ್ರಯಾಣಿಕರ ಬಂಡಿಗಳನ್ನು ಎಳೆದ ವೈ.ಪಿ. ವರ್ಗದ ಎಂಜಿನ್‌ ಅವುಗಳಲ್ಲೊಂದು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು ಸಣ್ಣ ಗಾಲಿ ಇದರ ಏರ್ಪಾಡು. ನಡುವಿನ ಆರೇ ಎಳೆಯುವ ಗಾಲಿಗಳು; ಉಳಿದವು ಭಾರ ಹೊರುವುದಕ್ಕೆ ಮತ್ತು ತಿರುವಿನಲ್ಲಿ ದಾರಿ ತೋರುವುದಕ್ಕೆ. ಗಾಲಿಗಳನ್ನು ಎಣಿಸಿ ಎಂಜಿನ್ನಿನ ಜಾತಿಯನ್ನು ಗುರುತಿಸುವ ಈ ಲೆಕ್ಕವನ್ನು ಮಕ್ಕಳಿಗೆ ಒಮ್ಮೆ ಹೇಳಿಕೊಟ್ಟರೆ ಸಾಕು, ಅಂಗಳದಲ್ಲಿರುವ ಎಲ್ಲ ಎಂಜಿನ್‌ಗಳ ಬಳಿಗೂ ಅವರೇ ಓಡುತ್ತಾರೆ.

ಈ ಯಂತ್ರ ನಡೆಯುವ ಬಗೆ ನಮ್ಮ ಕಡೆಯವರಿಗೆ ಕಷ್ಟವಿಲ್ಲದೆ ತಿಳಿಯುವಂಥದು. ಆಲೆಮನೆಯನ್ನು ನೋಡಿದವರಿಗೆ ಉಗಿಬಂಡಿ ಅರ್ಧ ತಿಳಿದಂತೆಯೇ. ಅಲ್ಲಿ ಒಲೆಯ ಮೇಲೆ ಕಬ್ಬಿನ ಹಾಲು ಕುದಿಯುತ್ತದೆ, ಇಲ್ಲಿ ನೀರು. ಆಲೆಮನೆಯಲ್ಲಿ ಉರಿ ಕೊಪ್ಪರಿಗೆಯ ಅಡಿಯಲ್ಲಷ್ಟೇ ಇರುತ್ತದೆ. ಎಂಜಿನ್ನಿನಲ್ಲಿ ಬೆಂಕಿಯ ಬಿಸಿಗಾಳಿ ನೂರಾರು ಕೊಳವೆಗಳ ಮೂಲಕ ನೀರಿನ ನಡುವೆಯೇ ಹಾದುಹೋಗುತ್ತದೆ. ಅದರಿಂದ ಎದ್ದ ಉಗಿ ಬಾಯ್ಲರಿನ ಮೇಲಿರುವ ಗುಮ್ಮಟದಲ್ಲಿ ಕೂಡಿಕೊಂಡು, ಚಾಲಕನು ಸನ್ನೆಯನ್ನು ಎಳೆದಾಗ ಸಿಲಿಂಡರಿಗೆ ಇಳಿದು ಪಿಸ್ಟನ್ನನ್ನು ಹಿಂದೆ ಮುಂದೆ ನೂಕುತ್ತದೆ; ಆ ನೂಕುವಿಕೆ ಉಕ್ಕಿನ ತೋಳುಗಳ ಮೂಲಕ ಗಾಲಿಯ ತಿರುಗಾಟವಾಗುತ್ತದೆ. ಕೆಲಸ ಮುಗಿಸಿದ ಉಗಿಯೂ ವ್ಯರ್ಥವಾಗುವುದಿಲ್ಲ. ಅದು ಚಿಮಣಿಯ ಮೂಲಕ ರಭಸದಿಂದ ಹೊರಟಾಗ ಒಲೆಯೊಳಗಿನ ಗಾಳಿಯನ್ನು ತನ್ನೊಡನೆ ಸೆಳೆದು ಬೆಂಕಿಯನ್ನು ಇನ್ನಷ್ಟು ಉರಿಸುತ್ತದೆ. ಬಂಡಿ ಎಷ್ಟು ಬಲವಾಗಿ ಎಳೆಯುವುದೋ ಉರಿ ಅಷ್ಟು ಹೆಚ್ಚುತ್ತದೆ. ಮಕ್ಕಳು ಬಾಯಲ್ಲಿ ಅನುಕರಿಸುವ ‘ಛುಕುಛುಕು’ ಸದ್ದು ಈ ಹೊರಬೀಳುವ ಉಗಿಯ ಉಸಿರು.

ಎಂಜಿನ್ನಿನ ಹಿಂಬದಿಯಲ್ಲಿ ಚಾಲಕನೂ ಬೆಂಕಿಯವನೂ ನಿಲ್ಲುತ್ತಿದ್ದ ಜಾಗವನ್ನು ತಪ್ಪದೆ ನೋಡಬೇಕು. ಹಿಂದಿನ ಟೆಂಡರಿನಿಂದ ಕಲ್ಲಿದ್ದಲನ್ನು ಸಲಿಕೆಯಲ್ಲಿ ಎತ್ತಿ, ಓಲಾಡುವ ಬಂಡಿಯಲ್ಲಿ ಕಾಲೂರಿ ನಿಂತು, ಉರಿಯುವ ಬಾಯಿಯೊಳಗೆ ಸಮನಾಗಿ ಹರಡಬೇಕು. ಎದೆಗೆ ಬೆಂಕಿ, ಬೆನ್ನಿಗೆ ಬಯಲಗಾಳಿ. ಉರಿ ಒಂದೆಡೆ ಗುಡ್ಡೆಯಾದರೆ ಉಗಿ ಇಳಿಯುತ್ತದೆ, ಏರುದಾರಿಯಲ್ಲಿ ಬಂಡಿ ನಿಲ್ಲುತ್ತದೆ. ನೀರು ಕಡಿಮೆಯಾದರೆ ಬಾಯ್ಲರಿಗೇ ಅಪಾಯ. ಆಲೆಮನೆಯಲ್ಲಿ ಒಲೆಗೆ ರಚ್ಚು ಹಾಕುವವನ ಕೈಯ ಹದದ ಮೇಲೆ ಬೆಲ್ಲದ ಹದ ನಿಂತಂತೆ, ನೂರಾರು ಪ್ರಯಾಣಿಕರ ಕ್ಷೇಮ ಈ ಒಬ್ಬನ ಸಲಿಕೆಯ ಮೇಲೆ ನಿಂತಿರುತ್ತಿತ್ತು. ಅವನ ಮುಖವನ್ನು ಪ್ರಯಾಣಿಕರು ಕಂಡದ್ದು ಅಪರೂಪ.

ಶರಣರು ಕಾಯಕವೆಂದು ಕರೆದುದು ಇಂಥ ದುಡಿಮೆಯನ್ನೇ ಅಲ್ಲವೆ? ಜನರನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿಸುವ ಕೆಲಸದವನೊಬ್ಬ ಹನ್ನೆರಡನೆಯ ಶತಮಾನದಲ್ಲಿಯೇ ಶರಣರ ಸಾಲಿನಲ್ಲಿ ನಿಂತ. ಅಂಬಿಗರ ಚೌಡಯ್ಯನವರ ನೆನಪನ್ನು ಹೊತ್ತ ಚೌಡಯ್ಯದಾನಪುರ ನಮಗೆ ದೂರವೇನಲ್ಲ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯಲ್ಲಿಯೇ ಇದೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳವೂ ಹರಿಹರದ ಬಳಿ ಅದೇ ಹೊಳೆಯನ್ನು ಕೂಡಿಕೊಳ್ಳುತ್ತದೆ. ಹುಟ್ಟು ಹಿಡಿದ ಕೈಗೂ ಸಲಿಕೆ ಹಿಡಿದ ಕೈಗೂ ಏನು ಭೇದ ಎಂದು ಮನೆಯ ಹಿರಿಯರು ಮಕ್ಕಳನ್ನು ಆ ಎಂಜಿನ್ನಿನ ಎದುರಿನಲ್ಲಿಯೇ ಕೇಳಬಹುದು.

ಸಂಗ್ರಹಾಲಯದಲ್ಲಿ ಅತಿ ಹೆಚ್ಚು ಜನ ಮುತ್ತುವುದು ಮಾತ್ರ ಮಹಾರಾಣಿಯವರ ಸಲೂನಿನ ಬಳಿ. ಇದು 1899ರದು. ಅಡುಗೆಮನೆ, ಊಟದ ಕೋಣೆ, ಸ್ನಾನಗೃಹ ಎಲ್ಲವೂ ಒಂದೇ ಗಾಲಿಯ ಮನೆಯೊಳಗೆ ಅಡಕವಾಗಿವೆ. ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡ ಮೇಲೆ, ಮಗ ಕೃಷ್ಣರಾಜರು ಪ್ರಾಯಕ್ಕೆ ಬರುವ ತನಕ, ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ರಾಜ್ಯಭಾರವನ್ನು ನಡೆಸುತ್ತಿದ್ದ ಕಾಲ ಅದು. ನಮ್ಮ ಸೀಮೆಗೂ ಆ ವರ್ಷಕ್ಕೂ ಒಂದು ನಂಟಿದೆ: ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದುದು ಅದೇ 1899ರಲ್ಲಿ. ಸಲೂನಿನ ಮರಗೆಲಸವನ್ನು ನೋಡುವವರು ಅದನ್ನು ಕೆತ್ತಿದ ಬಡಗಿಗಳನ್ನೂ ಒಂದು ಕ್ಷಣ ನೆನೆದರೆ ಒಳಿತು. ಬಾಚಿಕಾಯಕದ ಬಸವಯ್ಯನನ್ನು ಶರಣನೆಂದು ಗೌರವಿಸಿದ ಪರಂಪರೆಯವರಿಗೆ ಅದು ಹೊಸ ಪಾಠವಲ್ಲ.

ಚಾಮುಂಡಿ ಗ್ಯಾಲರಿಯ ಚಿತ್ರಗಳು, ಸಂಕೇತದ ದೀಪಗಳು, ಕೈಮರಗಳು, ಹಳಿಯ ಮೇಲೆ ಓಡುವಂತೆ ಗಾಲಿ ಬದಲಿಸಿದ ಆಸ್ಟಿನ್‌ ಮೋಟಾರು ಕಾರು ಇವೆಲ್ಲವೂ ನೋಡತಕ್ಕವೇ. ಚಿಕ್ಕವರಿಗೆ ಪುಟ್ಟ ರೈಲಿನ ಸವಾರಿಯೂ ಉಂಟು. ಒಮ್ಮೆ ಅದನ್ನು ಕಂಡರೆ ಬೇರೆ ಯಾವುದನ್ನೂ ನೋಡಲು ಅವರು ಒಪ್ಪುವುದಿಲ್ಲವಾದ್ದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ!

ಆದರೆ ಯಾವ ಗಾಜಿನ ಪೆಟ್ಟಿಗೆಯಲ್ಲಿಯೂ ಇಡಲಾಗದ ಒಂದು ಸಂಗತಿ ಮೈಸೂರಿನ ರೈಲಿನ ಹಿಂದಿದೆ. ಅದನ್ನು ತಿಳಿಯದೆ ಈ ಅಂಗಳವನ್ನು ನೋಡಿದರೆ ನೋಟ ಪೂರ್ಣವಾಗದು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಧಾತು-ಈಶ್ವರ ಸಂವತ್ಸರಗಳ ಬರ ಸುಟ್ಟಿತು. 1871ರ ಜನಗಣತಿಯಲ್ಲಿ ಸುಮಾರು ಐವತ್ತು ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. 1881ರಲ್ಲಿ ಆಂಗ್ಲರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಖಜಾನೆಯ ಮೇಲೆ 80 ಲಕ್ಷ ರೂಪಾಯಿಗಳ ಸಾಲ ಕುಳಿತಿತ್ತು. ಬೆಂಗಳೂರಿನಿಂದ ಮೈಸೂರಿಗೆ ಹಳಿ ಹಾಕುವ ಕೆಲಸ ಆರಂಭವಾದುದು ಈ ಬರದ ದಿನಗಳಲ್ಲಿಯೇ, ಹಸಿದವರಿಗೆ ಕೂಲಿ ಒದಗಿಸುವ ಪರಿಹಾರದ ಕಾಮಗಾರಿಯಾಗಿ. 1882ರಲ್ಲಿ ಬಂಡಿ ಮೈಸೂರನ್ನು ಮುಟ್ಟಿತು. ಮುಂದೆ ಗುಬ್ಬಿಯಿಂದ ಹರಿಹರದವರೆಗಿನ ಹಳಿ 1889ರಲ್ಲಿ ಸಿದ್ಧವಾಗಿ ದಾವಣಗೆರೆಗೆ ರೈಲು ಬಂತು.

ಹಸಿದ ಹೊಟ್ಟೆಯಲ್ಲಿ ಮಣ್ಣು ಹೊತ್ತವರ ದುಡಿಮೆಯನ್ನು ಕಾಯಕವೆಂದು ಕರೆಯಲು ನನ್ನ ಮನಸ್ಸು ಹಿಂಜರಿಯುತ್ತದೆ. ಕಾಯಕದಲ್ಲಿ ಮನಸ್ಸಿನ ಒಪ್ಪಿಗೆ ಇರಬೇಕು, ನ್ಯಾಯವಾದ ಪ್ರತಿಫಲವಿರಬೇಕು, ಅದರಿಂದ ದಾಸೋಹಕ್ಕೆ ಒಂದಿಷ್ಟು ಉಳಿಯಬೇಕು. ಒಪ್ಪೊತ್ತಿನ ಕೂಳಿಗಾಗಿ ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಕೆಲಸಕ್ಕೆ ಬಂದವರಿಗೆ ಇವುಗಳಲ್ಲಿ ಯಾವುದಿತ್ತು? ಆ ಬರವನ್ನು ಬದುಕಿ ಉಳಿದವರ ಮೊಮ್ಮಕ್ಕಳ ಮಕ್ಕಳು ನಾವು. ಜಗಳೂರಿನಂಥ ಬಯಲುಸೀಮೆಯ ಮನೆಗಳಲ್ಲಿ ಮಳೆ ಕೈಕೊಟ್ಟ ವರ್ಷದ ದುಗುಡ ಏನೆಂಬುದನ್ನು ಯಾರೂ ಪುಸ್ತಕದಿಂದ ಕಲಿಯಬೇಕಾಗಿಲ್ಲ. ಹಳಿಯ ಕೆಳಗಿನ ಏರಿಯಲ್ಲಿ ಆ ಜನರ ಬುಟ್ಟಿಬುಟ್ಟಿ ಮಣ್ಣಿದೆ. ಅವರ ಹೆಸರು ಯಾವ ಫಲಕದ ಮೇಲೆಯೂ ಇಲ್ಲ.

ಈ ಮಾತಿಗೆ ಸೂಳೆಕೆರೆಯೇ ಎದುರು ಸಾಕ್ಷಿ. ದೊರೆಯ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಅಲ್ಲಿ ವಾಸವಾಗಿದ್ದ ಗಣಿಕೆಯರು ತಮ್ಮ ಹೆಸರು ಉಳಿಯುವುದಾದರೆ ಮಾತ್ರ ನೆಲವನ್ನು ಬಿಟ್ಟುಕೊಡುವುದಾಗಿ ಕೇಳಿದರೆಂದು ಸ್ಥಳಪುರಾಣ ಹೇಳುತ್ತದೆ. ಶಾಂತಿಸಾಗರವೆಂಬ ಮರ್ಯಾದೆಯ ಹೆಸರು ಬಂದ ಮೇಲೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಕೊಟ್ಟ ಮಾತು ನಡೆದುಕೊಂಡು ಬಂದಿದೆ. ಲೋಕ ಕೀಳಾಗಿ ಕಂಡ ಹೆಂಗಸರಿಗೆ ಒಂದು ಕೆರೆ ಸಲ್ಲಿಸಿದ ಋಣವನ್ನು ರೈಲಿನ ಹಳಿ ತನ್ನ ಕೂಲಿಗಳಿಗೆ ಸಲ್ಲಿಸಲಿಲ್ಲ.

ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ನಂಬಿದವರು ನಾವು. ಊರಿಂದೂರಿಗೆ ಚಲಿಸುತ್ತಿದ್ದ ಬಂಡಿಗಳು ಇಲ್ಲಿ ಸ್ಥಾವರವಾಗಿ ನಿಂತಿರುವುದನ್ನು ಕಂಡಾಗ ತುಸು ವಿಷಾದವೂ ಆಗುತ್ತದೆ. ಆದರೆ ನಿಲ್ಲಿಸದೆ ಬಿಟ್ಟವುಗಳ ಗತಿಯನ್ನು ನೆನೆದರೆ ಸಮಾಧಾನವಾಗುತ್ತದೆ. ಮೈಸೂರು ಸಂಸ್ಥಾನದ ರೈಲ್ವೆ 1951ರ ಏಪ್ರಿಲ್‌ 14ರಂದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. 1990ರ ದಶಕದಲ್ಲಿ ನಮ್ಮ ದಾವಣಗೆರೆ, ಶಿವಮೊಗ್ಗಗಳ ಮಾರ್ಗಗಳು ಬ್ರಾಡ್‌ ಗೇಜ್‌ ಆದವು. ಒಂದು ಮೀಟರ್‌ ಅಗಲದ ಹಳಿಗಳನ್ನು ಕಿತ್ತು 1,676 ಮಿಲಿಮೀಟರ್‌ ಅಗಲದವನ್ನು ಹಾಕಿದರು. ಅದೇ ದಶಕದಲ್ಲಿ ಉಗಿ ಎಂಜಿನ್‌ಗಳೂ ನಿತ್ಯದ ಓಡಾಟದಿಂದ ಬಹುಮಟ್ಟಿಗೆ ಮರೆಯಾದವು. ಚನ್ನಗಿರಿಗೆ ನೆರೆಯಲ್ಲಿಯೇ, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಓಡುತ್ತಿದ್ದ ಸಣ್ಣ ಟ್ರಾಂ ರೈಲು ಅದಕ್ಕೂ ಎಷ್ಟೋ ಮೊದಲೇ ಹೋಯಿತು. ಅಂಥದೊಂದು ಇತ್ತೆಂದು ಹೇಳಿದರೆ ಇಂದಿನ ಹುಡುಗರು ನಂಬುವುದೇ ಇಲ್ಲ.

ಮೈಸೂರು ದೂರವಾಯಿತೆನ್ನುವವರಿಗೆ ಇನ್ನೂ ಎರಡು ಸ್ಥಳಗಳಿವೆ. ಎರಡೂ 2020ರಲ್ಲಿ ತೆರೆದವು. ದಾವಣಗೆರೆ, ಜಗಳೂರುಗಳವರಿಗೆ ಹುಬ್ಬಳ್ಳಿ ಅನುಕೂಲ. ಅಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಗದಗ ರಸ್ತೆಯ ಬದಿಯಲ್ಲಿ, ಘಟಪ್ರಭಾ, ಮಲಪ್ರಭಾ ಎಂಬ ಹೆಸರಿನ ಎರಡು ಹಳೆಯ ಕಲ್ಲಿನ ಮನೆಗಳಲ್ಲಿ ರೈಲ್ವೆಯ ವಸ್ತುಗಳನ್ನು ಜೋಡಿಸಿಟ್ಟಿದ್ದಾರೆ. ಶ್ರೀಮಠದ ದರ್ಶನಕ್ಕೆ ಹೋದವರು ಅದನ್ನೂ ನೋಡಿ ಬರಬಹುದು. ಹೊನ್ನಾಳಿ, ನ್ಯಾಮತಿಗಳವರಿಗೆ ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು ಹತ್ತಿರ. ಶಂಕರ್‌ನಾಗ್‌ ಅವರು ಆರ್‌.ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಿದಾಗ ಮಾಲ್ಗುಡಿಯ ನಿಲ್ದಾಣವಾದ ಅಲ್ಲಿನ ಹಳೆಯ ಕಟ್ಟಡವನ್ನು ಈಗ ಮಾಲ್ಗುಡಿ ಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಮನೆಗೆ ಹಿಂದಿರುಗಬಹುದು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಬಂಧುಗಳಲ್ಲಿ ಯಾರಾದರೂ ಇದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ. ಫಲಕಗಳ ಮೇಲೆ ಬರೆಯದ ಎಷ್ಟೋ ಸಂಗತಿಗಳು ಅವರ ಬಾಯಿಂದ ಹೊರಬಂದಾವು.