ಕಾಲುವೆ ದಂಡೆಯ ವಗ್ಗರಣಿ, ಹೊಳೆ ದಂಡೆಯ ಹೋಳಿಗೆ

ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಬಳ್ಳಾರಿಯ ತಿಂಡಿ ಗಾಡಿಗಳ ಮುಂದೆ ಜನ ಸೇರಿರುತ್ತಾರೆ. ರಾಯಲ್ ಸರ್ಕಲ್, ಮೋತಿ ಸರ್ಕಲ್, ಕೌಲ್ ಬಜಾರ್, ದುರ್ಗಮ್ಮನ ಗುಡಿ, ಎಲ್ಲಿ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: ‘ಯಣ್ಣಾ, ಒಂದ್ ಪ್ಲೇಟ್ ವಗ್ಗರಣಿ, ಎಲ್ಡು ಮಿರ್ಚಿ.’ ಪಕ್ಕದಲ್ಲಿ ನಿಂತವರು ಅದನ್ನೇ ತೆಲುಗಿನಲ್ಲಿ ಉಗ್ಗಾನಿ ಬಜ್ಜಿ ಎಂದು ಕೇಳುತ್ತಾರೆ. ಗಾಡಿಯವನು ಇಬ್ಬರಿಗೂ ಅವರವರ ಮಾತಿನಲ್ಲೇ ಉತ್ತರ ಕೊಟ್ಟು, ಮೂರನೆಯವರೊಂದಿಗೆ ಉರ್ದುವಿನಲ್ಲಿ ಚಿಲ್ಲರೆ ಲೆಕ್ಕ ಮುಗಿಸುತ್ತಾನೆ.

ದೊಡ್ಡ ಊರುಗಳಲ್ಲಿ ಈಗ ಕೆರೆಯೋ ಕಡಲೋ ಕಾಣುವ ಕಡೆ ಕೂತು, ತಿಂಡಿಯ ಹೊತ್ತು ಮೀರಿ ಊಟದ ಹೊತ್ತು ಬರುವ ಮುಂಚೆ ತಿನ್ನುವುದಕ್ಕೆ ಬ್ರಂಚ್ ಅನ್ನುತ್ತಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಜನರಿಗೆ ಆ ರೂಢಿ ಹೊಸದೇನಲ್ಲ. ರಜೆಯ ದಿನ ಕಾಲುವೆ ಸೇತುವೆ ಹತ್ತಿರ ಬೈಕು ನಿಲ್ಲಿಸಿ ಮಿರ್ಚಿ ತಿನ್ನುವವರು, ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುವವರು, ಜಾತ್ರೆಯಲ್ಲಿ ಹತ್ತು ಗಂಟೆಗೇ ಜಿಲೇಬಿ ಕಟ್ಟಿಸಿಕೊಳ್ಳುವವರು ಇಲ್ಲಿ ಯಾವಾಗಲೂ ಇದ್ದಾರೆ. ಇನ್ನೊಂದು ವಿಶೇಷವೂ ಇದೆ. ಈ ಊರುಗಳಲ್ಲಿ ನೀರಿನ ಪಕ್ಕ ಕೂತು ತಿನ್ನುವ ತಿಂಡಿ ಆ ನೀರಿನಿಂದಲೇ ಹುಟ್ಟಿದ್ದು. ತುಂಗಭದ್ರೆಯ ಕಾಲುವೆ ಬಾರದಿದ್ದರೆ ಈ ತಟ್ಟೆಯಲ್ಲಿ ವಗ್ಗರಣಿಯ ಮಂಡಾಳು, ಅಂದರೆ ಮಂಡಕ್ಕಿ, ಇಷ್ಟು ಧಾರಾಳವಾಗಿ ಬೀಳುತ್ತಿರಲಿಲ್ಲ.

ವಗ್ಗರಣಿ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಬಕೆಟ್ಟಿನ ನೀರಿಗೆ ಮಂಡಾಳು ಸುರಿದು, ಅದುಮಿ, ತಕ್ಷಣ ಎರಡೂ ಅಂಗೈಯಲ್ಲಿ ಹಿಂಡಿ ತೆಗೆಯುತ್ತಾರೆ. ತಡವಾದರೆ ಮುದ್ದೆಯಾಗುತ್ತದೆ, ಅವಸರ ಮಾಡಿದರೆ ನಡುನಡುವೆ ಬೆಂಡಿನಂತೆ ಒಣಗಿಯೇ ಉಳಿಯುತ್ತದೆ. ಇದಕ್ಕೆ ಗಡಿಯಾರದ ಲೆಕ್ಕವಿಲ್ಲ, ಕೈಗೆ ಗೊತ್ತಾಗಬೇಕು. ಅಗಲವಾದ ಬಾಂಡ್ಲಿಯಲ್ಲಿ ಸಾಸಿವೆ ಸಿಡಿದು, ಶೇಂಗಾ ಕೆಂಪಾಗಿ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಉದ್ದುದ್ದ ಹೆಚ್ಚಿದ ಉಳ್ಳಾಗಡ್ಡಿ ಬೆಂದ ಮೇಲೆ ಅರಿಶಿಣ ಬೀಳುತ್ತದೆ. ಆಮೇಲೆ ಹಿಂಡಿದ ಮಂಡಾಳು. ಕೊನೆಗೆ ಒಂದು ಹಿಡಿ ಪುಟಾಣಿ ಹಿಟ್ಟು. ಉಳಿದ ತೇವವನ್ನೆಲ್ಲ ಹೀರಿಕೊಂಡು ಮಂಡಾಳಿನ ಮೈಗೆ ಅಂಟಿಕೊಳ್ಳುವುದು ಈ ಹಿಟ್ಟೇ. ನನ್ನ ಮಟ್ಟಿಗೆ ವಗ್ಗರಣಿಯ ರುಚಿ ಇರುವುದು ಇಲ್ಲಿ. ಪುಟಾಣಿ ಹಿಟ್ಟಿಗೆ ಕೈ ಹಿಡಿದ ಕಡೆ ಎಷ್ಟು ಲಿಂಬೆ ಹಿಂಡಿದರೂ ಅದು ಸಪ್ಪೆಯೇ.

ಮಿರ್ಚಿಗೆ ಬೇರೆ ಶಿಸ್ತು. ಉದ್ದನೆಯ ಹಸಿಮೆಣಸಿನಕಾಯಿಯನ್ನು ಸೀಳಿ, ಒಳಗೆ ಓಮಕಾಳು, ಉಪ್ಪು, ಹುಣಸೆಹುಳಿ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಅರೆಬೆಂದದ್ದನ್ನು ತೆಗೆದು ರಾಶಿ ಹಾಕಿಟ್ಟು, ಗಿರಾಕಿ ಕೇಳಿದಾಗ ಎರಡನೆಯ ಸಲ ಕರಿಯುತ್ತಾರೆ. ಮೆಣಸಿನಕಾಯಿಯ ಊರಿದು. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಎರೆಹೊಲಗಳಲ್ಲಿ ಬ್ಯಾಡಗಿ, ಗುಂಟೂರು ತಳಿಗಳ ಮೆಣಸಿನಕಾಯಿ ಬೆಳೆದು ಬ್ಯಾಡಗಿ ಮಾರುಕಟ್ಟೆಗೆ ಲಾರಿಗಟ್ಟಲೆ ಕಳಿಸುತ್ತಾರೆ. ಹೀಗಾಗಿ ‘ಖಾರ ಕಮ್ಮಿ ಇರೋದು ಕೊಡಣ್ಣ’ ಅಂದರೆ ಗಾಡಿಯವನು ಸ್ವಲ್ಪ ಹೊತ್ತು ನಿಮ್ಮ ಮುಖ ನೋಡುತ್ತಾನೆ. ಆಮೇಲೆ ಹುಡುಕಿ, ಆರಿಸಿ, ಕೊಡುತ್ತಾನೆ.

ಮಂಡಾಳಿನ ಹಿಂದೆ ಭತ್ತವಿದೆ. ಭತ್ತವನ್ನು ನೆನೆಸಿ, ಹುರಿದು, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಮತ್ತೆ ಹುರಿದಾಗ ಅದು ಅರಳುತ್ತದೆ. ಅದು ಭಟ್ಟಿಯ ಕೆಲಸ. ಒಲೆಯ ಬಾಯಿಗೆ ಮುಖ ಕೊಟ್ಟು ಇಡೀ ದಿನ ಕೂರುವ ಆ ದುಡಿಮೆಗೆ ತಿನ್ನುವವರು ಕೊಡುವ ಬೆಲೆ ಬಹಳ ಕಡಿಮೆ. ಮೂಟೆ ಎತ್ತಿದರೆ ಹಗುರ ಎಂಬ ಕಾರಣಕ್ಕೇ ಮಂಡಾಳನ್ನು ಅಗ್ಗದ ಪದಾರ್ಥ ಅಂದುಕೊಂಡಿದ್ದೇವೆ.

ಹಿಂದಿನ ಬಳ್ಳಾರಿ ಭತ್ತದ ಸೀಮೆಯಾಗಿರಲಿಲ್ಲ. ಹೊಳೆಯ ಅಂಚಿನ ಒಂದಿಷ್ಟು ಊರು ಬಿಟ್ಟರೆ ಜೋಳ, ನವಣೆ, ಸಜ್ಜೆಯೇ ಹೊಟ್ಟೆ ತುಂಬಿಸುತ್ತಿದ್ದವು. ಬೆಳಗಿನ ತಿಂಡಿ ಎಂದರೆ ರಾತ್ರಿಯ ರೊಟ್ಟಿ, ಜೋಳದ ನುಚ್ಚು, ಮಜ್ಜಿಗೆ. ಮಳೆ ಕೈಕೊಟ್ಟರೆ ಅದೂ ಇಲ್ಲ. 1876–78ರ ಬರಗಾಲದಲ್ಲಿ ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ತುಂಗಭದ್ರೆಗೆ ಜಲಾಶಯ ಕಟ್ಟುವ ಯೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದರು. ಆ ಮಾತು ಕಲ್ಲು, ಗಾರೆಯಾಗಲು ಎಂಬತ್ತೈದು ವರ್ಷ ಹಿಡಿಯಿತು. 1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಯೋಜನೆ ರೂಪಿಸಿದವರ ಲೆಕ್ಕದಲ್ಲಿ ಈ ನೀರಿನ ಹೆಚ್ಚು ಪಾಲು ಕಡಿಮೆ ನೀರು ಬೇಡುವ ಬೆಳೆಗಳಿಗಿತ್ತು. ರೈತರು ಭತ್ತ ಹಾಕಿದರು. ಬರ ಕಂಡ ಮನೆಯವರು ಹೊಲದಲ್ಲಿ ನೀರು ನಿಂತದ್ದನ್ನು ನೋಡಿ ಅಕ್ಕಿ ಬೆಳೆಯಲು ಹೊರಟರೆ ಅದನ್ನು ದುರಾಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದರ ಬೆಲೆಯನ್ನೂ ತೆತ್ತಿದ್ದೇವೆ. ಎಷ್ಟೋ ಕಡೆ ಎರೆಭೂಮಿ ಜವುಗು ಹಿಡಿದಿದೆ, ಸವಳಾಗಿದೆ. ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟದ ಜಗಳ ವರ್ಷಾವರ್ಷ ನಡೆದೇ ಇದೆ.

ಅದಕ್ಕೇ ಇರಬೇಕು, ಮಳೆಗಾಲದ ತಿಂಡಿ ಅಂಗಡಿಯ ಮಾತು ಇಲ್ಲಿ ಅಣೆಕಟ್ಟಿನದೇ. ‘ಡ್ಯಾಮ್ ಎಷ್ಟಾತು?’ ಎಂಬ ಪ್ರಶ್ನೆಗೆ ಉತ್ತರ ಅಡಿಯ ಲೆಕ್ಕದಲ್ಲಿ ಬರುತ್ತದೆ. 1,633 ಅಡಿ ಎಂದರೆ ತುಂಬಿತು ಎಂದರ್ಥ, ಚಹಾದ ಕಪ್ಪು ಕೆಳಗಿಟ್ಟು ನಗುತ್ತಾರೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಸುಮಾರು 105 ಟಿಎಂಸಿ ಅಡಿಗೆ ಇಳಿದಿರುವುದನ್ನು ಶಾಲೆ ಕಂಡಿರದ ಅಜ್ಜನೂ ಹೇಳುತ್ತಾನೆ. 2022ರಲ್ಲಿ ಭೈರದೇವನಹಳ್ಳಿ ಬಳಿ ವೇದಾವತಿಯ ಮೇಲೆ ಹಾದುಹೋಗುವ ಕೆಳಮಟ್ಟದ ಕಾಲುವೆಯ ಕಂಬ ಕುಸಿದಾಗ, 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ, ಈ ಅಂಗಡಿಗಳ ಮುಂದೆ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿಗೆ ಅಡ್ಡ ತೊಲೆಗಳನ್ನು ಇಳಿಸಿ ಆ ಗೇಟಿನ ಬಾಯಿ ಮುಚ್ಚುವವರೆಗೂ, ಸುಮಾರು ಒಂದು ವಾರ, ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದಿದ್ದರು.

ಬಳ್ಳಾರಿ ನಗರಕ್ಕೆ ಹೊಳೆಯಿಲ್ಲ. ಮೇಲ್ಮಟ್ಟದ ಕಾಲುವೆ ಊರ ಹೊರಗೆ ಹಾದುಹೋಗುತ್ತದೆ, ಅಲ್ಲೀಪುರದ ಕೆರೆ ಕುಡಿಯುವ ನೀರು ಹಿಡಿದಿಟ್ಟುಕೊಂಡಿದೆ. ಬಾಗಿಲು ತೆಗೆದರೆ ನೀರು ಕಾಣುವ ಹೋಟೆಲನ್ನು ಇಲ್ಲಿ ಹುಡುಕಬೇಕಾಗುತ್ತದೆ. ನಗರದವರು ತಿಂಡಿ ತಿನ್ನುವುದು ಬೆಟ್ಟ ನೋಡಿಕೊಂಡು: ಎದುರಿಗೆ ಕೋಟೆಯ ಬಂಡೆ, ಹಿಂದೆ ಕುಂಬಾರಗುಡ್ಡ. ನೀರು ಬೇಕೆನಿಸಿದರೆ ಬೈಕು ಹತ್ತಿ ಸಿರುಗುಪ್ಪದ ದಾರಿ ಹಿಡಿಯಬೇಕು.

ಆ ದಾರಿಯೇ ಒಂದು ತಿಂಡಿಯ ದಾರಿ. ತೆಕ್ಕಲಕೋಟೆ ಹತ್ತಿರವಾಗುತ್ತಿದ್ದಂತೆ ಎರಡೂ ಬದಿ ಗದ್ದೆ, ಅಕ್ಕಿ ಗಿರಣಿಗಳ ಹೊಗೆಕೊಳವೆ. ನಡುವೆ ‘ಕ್ಯಾಂಪ್’ ಎಂಬ ಬಾಲ ಹಚ್ಚಿಕೊಂಡ ಊರುಗಳು. ಅಣೆಕಟ್ಟು ಕಟ್ಟಿದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ಜಮೀನು ಕೊಂಡು ನೆಲೆಸಿದ ರೈತರ ಊರುಗಳಿವು. ಭತ್ತ ಬೆಳೆಯುವ ಅನುಭವದ ಜತೆಗೆ ಅವರು ತಂದದ್ದು ಪೆಸರಟ್ಟು, ಪುಣುಗುಲು, ಶುಂಠಿಯ ಅಲ್ಲಂ ಚಟ್ನಿ, ಬಿಸಿ ಇಡ್ಲಿಯ ಮೇಲೆ ಖಾರಪುಡಿ ಉದುರಿಸಿ ತುಪ್ಪ ಹನಿಸುವ ಪದ್ಧತಿ. ಈಗ ಅವು ಕ್ಯಾಂಪಿನವರದ್ದಾಗಿ ಮಾತ್ರ ಉಳಿದಿಲ್ಲ. ಒಂದೇ ಬಾಂಡ್ಲಿಯ ಎಣ್ಣೆಯಲ್ಲಿ ಮಿರ್ಚಿಯೂ ಪುಣುಗುಲೂ ತೇಲುವುದನ್ನು ಈ ರಸ್ತೆಯ ಅಂಗಡಿಗಳಲ್ಲಿ ಕಾಣಬಹುದು. ಅಲ್ಲಂ ಚಟ್ನಿಯಲ್ಲಿ ಮಿರ್ಚಿ ಅದ್ದಿಕೊಂಡು ತಿಂದರೆ ಬೆಲ್ಲದ ಸಿಹಿ, ಹುಣಸೆಯ ಹುಳಿ, ಶುಂಠಿಯ ಉರಿ ಮೂರೂ ಒಟ್ಟಿಗೆ ಬರುತ್ತವೆ. ಇಂಥ ಜೋಡಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಸಿರುಗುಪ್ಪ ನಿಜವಾದ ಹೊಳೆ ದಂಡೆಯ ಊರು. ತುಂಗಭದ್ರೆ ಇಲ್ಲಿ ಕವಲೊಡೆದು ದೇಶನೂರನ್ನು ನಡುಗಡ್ಡೆ ಮಾಡಿದೆ. ದಢೇಸೂಗೂರಿನ ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ದಂಡೆಯ ಮೇಲೆ ಶಂಭುಲಿಂಗೇಶ್ವರನ ಗುಡಿ, ಸ್ವಲ್ಪ ದೂರದ ಕೆಂಚನಗುಡ್ಡದಲ್ಲಿ ವಸುಧೇಂದ್ರ ತೀರ್ಥರ ಬೃಂದಾವನ. ಅಣೆಕಟ್ಟಿಗೂ ಎಷ್ಟೋ ಹಿಂದೆ ವಿಜಯನಗರದ ಅರಸರ ಕಾಲದಲ್ಲಿ ತೆಗೆದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳಲ್ಲಿ ಈಗಲೂ ನೀರು ಹರಿದು ಗದ್ದೆಗೆ ಬೀಳುತ್ತದೆ. ಉಳಿದ ಬಳ್ಳಾರಿ 1953ರಲ್ಲಿ ಕಂಡ ಅಕ್ಕಿಯನ್ನು ಈ ಅಂಚು ಶತಮಾನಗಳ ಹಿಂದೆಯೇ ಉಂಡಿತ್ತು.

ಇಲ್ಲಿಯ ಹೊಳೆ ದಂಡೆಯ ದೊಡ್ಡ ಊಟ ಸಂಕ್ರಾಂತಿಯದು. ಮನೆಮಂದಿಯೆಲ್ಲ ಎಳ್ಳು ಅರಿಶಿಣ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಗಂಗಮ್ಮನಿಗೆ ಪೂಜೆ ಮಾಡಿ, ಬಂಡೆಯ ಮೇಲೋ ಮರದ ನೆರಳಲ್ಲೋ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಗುರೆಳ್ಳು ಚಟ್ನಿ, ಮೊಸರನ್ನ. ಸಿಹಿಗೆ ಶೇಂಗಾ ಹೋಳಿಗೆ, ಮಾದಲಿ. ‘ಇನ್ನೊಂದು ಹಾಕ್ಕೊಳ್ಳವ್ವಾ, ಹೊಳಿ ನೀರು ಕುಡುದ್ರ ಕರಗತೈತಿ’ ಎಂದು ಪಕ್ಕದ ಮನೆಯ ಹಿರಿಯಳು ತನ್ನ ಡಬ್ಬಿಯ ಹೋಳಿಗೆಯನ್ನು ನಿಮ್ಮ ತಟ್ಟೆಗೆ ಹಾಕುತ್ತಾಳೆ. ಬೇಡ ಎನ್ನುವ ಹಾಗಿಲ್ಲ. ತೆಳ್ಳಗೆ ಲಟ್ಟಿಸಿದ ಶೇಂಗಾ ಹೋಳಿಗೆ ನಾಲ್ಕು ದಿನ ಕೆಡುವುದಿಲ್ಲ. ಬುತ್ತಿಯ ಸಿಹಿಯಾಗಿ ಅದು ನಿಂತದ್ದು ಈ ಗುಣದಿಂದ. ಕಡಲೆಬೇಳೆಯ ಹೋಳಿಗೆ ಬಿಸಿಲಲ್ಲಿ ಮಧ್ಯಾಹ್ನಕ್ಕೇ ಹಳಸುತ್ತದೆ.

ಊಟ ಮುಗಿದ ಮೇಲಿನ ದಂಡೆಯನ್ನು ನೋಡಿದರೆ ಸಂಕಟವಾಗುತ್ತದೆ. ಥರ್ಮೋಕೋಲ್ ತಟ್ಟೆ, ನೀರಿನ ಪೊಟ್ಟಣ, ಎಣ್ಣೆ ಹತ್ತಿದ ಕಾಗದ, ಹರಕು ಸೀರೆ. ಅದೇ ನೀರು ಮುಂದಿನ ಊರಿನ ನಲ್ಲಿಗೆ ಹೋಗುತ್ತದೆ. ಕಾಲುವೆ ಸೇತುವೆಗಳ ಕೆಳಗೂ ಇದೇ ಕಥೆ. ಮುತ್ತುಗದ ಎಲೆಯ ಪತ್ರಾವಳಿ ನಮಗೆ ಗೊತ್ತಿಲ್ಲದ್ದಲ್ಲ. ಮನೆಯ ಸ್ಟೀಲಿನ ತಟ್ಟೆ ಬುತ್ತಿಯ ಗಂಟಿಗೆ ಭಾರವೂ ಅಲ್ಲ. ದಂಡೆಗೆ ಬೇಕಾದದ್ದು ಕೂಡ ಕಡಿಮೆಯೇ: ಹೆಂಗಸರು ಮಿಂದು ಬಟ್ಟೆ ಬದಲಿಸಲು ಗೋಡೆಯಿರುವ ಜಾಗ, ಜಾರದ ನಾಲ್ಕು ಮೆಟ್ಟಿಲು, ಕಸದ ತೊಟ್ಟಿ, ಮರಳು ತೆಗೆದ ಗುಂಡಿಗಳ ಹತ್ತಿರ ಮಕ್ಕಳು ಇಳಿಯದಂತೆ ಒಂದು ಬೇಲಿ. ಕೋಟಿಗಟ್ಟಲೆ ಸುರಿದು ಬಣ್ಣದ ದೀಪ ಹಾಕುವ ಮುಂಚೆ ಇವಿಷ್ಟು ಆಗಬೇಕು.

ಕುರುಗೋಡಿಗೆ ಬಳ್ಳಾರಿಯಿಂದ ಕಂಪ್ಲಿ ರಸ್ತೆ. ಹನ್ನೆರಡನೆಯ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ, ಗುಡ್ಡಗಳ ಮಡಿಲಿನ ಊರು, ಈಗ ತಾಲ್ಲೂಕು ಕೇಂದ್ರ. ಸುಮಾರು ಹನ್ನೆರಡು ಅಡಿ ಎತ್ತರದ ಏಕಶಿಲೆಯ ದೊಡ್ಡಬಸವೇಶ್ವರ ಊರ ದೇವರು. ಫಾಲ್ಗುಣದಲ್ಲಿ ತೇರು. ತಿಂಡಿಗೆಂದು ಹೋಗುವವರು ಆ ಜಾತ್ರೆಗೇ ಹೋಗಬೇಕು. ಉಳಿದ ದಿನ ಬಸ್ ನಿಲ್ದಾಣದ ಸುತ್ತಲಿನ ಇಡ್ಲಿ, ಪೂರಿ, ವಗ್ಗರಣಿಯಲ್ಲಿ ಬೇರೆ ವಿಶೇಷವಿಲ್ಲ. ಜಾತ್ರೆಯಲ್ಲಿ ಬೆಂಡು, ಬತ್ತಾಸು, ಖಾರ ಮಂಡಾಳಿನ ಗುಡ್ಡೆಗಳ ನಡುವೆ ಜಿಲೇಬಿಯ ಒಲೆ ಉರಿಯುತ್ತದೆ. ಬಟ್ಟೆಯ ತೂತಿನಿಂದ ಹಿಟ್ಟು ಸುತ್ತುತ್ತ ಇಳಿಯುವುದು, ಕೋಲಿನಿಂದ ಮಗುಚುವುದು, ಪಾಕಕ್ಕೆ ಬಿದ್ದು ಊದಿಕೊಳ್ಳುವುದು, ಎಲ್ಲ ನಿಂತು ನೋಡುವಂಥದ್ದು. ಊರಿನವರು ಜಿಲೇಬಿಯನ್ನು ಖಾರ ಮಂಡಾಳಿನ ಜತೆಗೇ ತಿನ್ನುತ್ತಾರೆ, ಒಂದು ತುತ್ತು ಇದು, ಒಂದು ತುತ್ತು ಅದು. ಬರಿಯ ಜಿಲೇಬಿ ಎರಡು ತಿನ್ನುವಷ್ಟರಲ್ಲಿ ಸಾಕಾಗುತ್ತದೆ, ಹೀಗೆ ತಿಂದರೆ ಕಾಲು ಕೆಜಿ ಎಲ್ಲಿ ಹೋಯಿತೋ ತಿಳಿಯುವುದಿಲ್ಲ.

ತೇರಿನ ಹೊತ್ತಿಗೆ ಬಿಸಿಲು ಏರಿರುತ್ತದೆ. ಮುಂದಿನ ಎರಡು ತಿಂಗಳು ಬಳ್ಳಾರಿಯಲ್ಲಿ ನಲವತ್ತು ಡಿಗ್ರಿ ದಾಟುವುದು ಮಾಮೂಲಿ, ಆಗ ಸಿಹಿಯೆಂದರೆ ತಣ್ಣಗಿನದ್ದೇ. ಐಸ್‌ಕ್ರೀಮ್ ಅಂಗಡಿಗಳು ಎಷ್ಟು ಹೆಚ್ಚಿದರೂ ನನ್ನಾರಿ ಶರಬತ್ತಿನ ಗಾಡಿಯ ಮುಂದಿನ ಗುಂಪು ಕರಗಿಲ್ಲ. ಸೊಗದೆ ಬೇರನ್ನು ಕುದಿಸಿ ಸಕ್ಕರೆ ಪಾಕ ಮಾಡಿ ಬಾಟಲಿಗೆ ತುಂಬಿದ, ರಾಯಲಸೀಮೆಯಿಂದ ಬಳ್ಳಾರಿಯವರೆಗೂ ಹಬ್ಬಿದ ಬೇಸಿಗೆಯ ಪಾನೀಯ ಇದು. ಲಿಂಬೆ ಹಿಂಡಿ, ಸೋಡಾ ಬಿಟ್ಟು, ಐಸು ಹಾಕಿ ಕೊಡುತ್ತಾರೆ. ಮೊದಲ ಸಲ ಕುಡಿಯುವವರು ಸೋಡಾ ಬೇಡ, ನೀರೇ ಹಾಕಣ್ಣ ಎಂದು ಕೇಳಿ. ಗುಳ್ಳೆಗಳ ಗದ್ದಲವಿಲ್ಲದಿದ್ದರೆ ಬೇರಿನ ವಾಸನೆ ಮೂಗಿನವರೆಗೂ ಬರುತ್ತದೆ. ಮಿರ್ಚಿ ತಿಂದ ಬಾಯಿಗಂತೂ ಇದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿಲ್ಲ.