ಬಟ್ಟೆಯ ಮರೆಯ ಕಪ್ಪು ಹಕ್ಕಳೆ

ವಾರವಾದರೂ ಬಿಡದ ಜ್ವರ, ತಲೆ ಸಿಡಿಯುವಷ್ಟು ನೋವು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ನುಂಗಿದ ಆ್ಯಂಟಿಬಯಾಟಿಕ್ ನಾಟಿಲ್ಲ. ಮಳೆಗಾಲದಿಂದ ಚಳಿಗಾಲದವರೆಗೆ ದಕ್ಷಿಣ ಭಾರತದ ಆಸ್ಪತ್ರೆಗಳಿಗೆ ಹೀಗೆ ಬರುವವರಲ್ಲಿ ಹಲವರನ್ನು ಕಾಡುತ್ತಿರುವುದು ಸ್ಕ್ರಬ್ ಟೈಫಸ್. ಕರ್ನಾಟಕವೂ ಇದಕ್ಕೆ ಹೊರತಲ್ಲ.

ರಿಕೆಟ್ಸಿಯಾ ಬಳಗದ ಬ್ಯಾಕ್ಟೀರಿಯಾಗಳು ಜೀವಕೋಶದ ಒಳಗಲ್ಲದೆ ಬೇರೆಲ್ಲೂ ಬೆಳೆಯಲಾರವು. ಕೆಲವನ್ನು ಉಣ್ಣೆ ಹರಡುತ್ತದೆ, ಕೆಲವನ್ನು ಚಿಗಟ, ಮೈಹೇನು. ಸ್ಕ್ರಬ್ ಟೈಫಸ್‌ನ ರೋಗಾಣು ಓರಿಯೆಂಟಿಯಾವನ್ನು 1995ರಲ್ಲಿ ಬೇರೆ ಕುಲವೆಂದು ವಿಂಗಡಿಸಿದರೂ ವೈದ್ಯರು ಇಂದಿಗೂ ಇದೇ ಬಳಗದಲ್ಲಿ ಎಣಿಸುತ್ತಾರೆ. ಅದನ್ನು ದಾಟಿಸುವುದು ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣ ನುಸಿಮರಿ. ದೊಡ್ಡ ನುಸಿ ನಮ್ಮ ತಂಟೆಗೆ ಬರುವುದಿಲ್ಲ. ಮರಿಯೂ ಸಾಮಾನ್ಯವಾಗಿ ಒಮ್ಮೆ ಮಾತ್ರ ಪ್ರಾಣಿಯ ಮೈಗೆ ಹತ್ತುತ್ತದೆ, ಹೆಚ್ಚಾಗಿ ಇಲಿಯ ಮೈಗೆ. ಪೊದೆ, ಹುಲ್ಲು, ಗದ್ದೆಬದುಗಳಲ್ಲಿ ಕೂತವರು ಸಿಕ್ಕರೆ ಅವರ ಮೈಗೆ. ಒಮ್ಮೆ ಮಾತ್ರ ಕಚ್ಚುವ ಜೀವಿ ರೋಗವನ್ನು ಎಲ್ಲಿಂದ ತಂದಿತು? ತಾಯಿನುಸಿಯಿಂದ ಮೊಟ್ಟೆಗೇ ರೋಗಾಣು ಇಳಿದಿರುತ್ತದೆ.

ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅನೇಕರಲ್ಲಿ ಆ ಜಾಗ ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಕಟ್ಟುತ್ತದೆ. ನೋವಿಲ್ಲ, ಹಾಗಾಗಿ ರೋಗಿಗೇ ಅದರ ಸುಳಿವಿರುವುದಿಲ್ಲ. ಅದು ಇರುವುದೂ ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಬಟ್ಟೆ ಬಿಗಿದ ಸೊಂಟದಲ್ಲಿ. ತೋರಿಸಲು ಹೆಂಗಸರಿಗೆ ಸಂಕೋಚ, ಗಿಜಿಗುಡುವ ಓಪಿಡಿಯಲ್ಲಿ ಹುಡುಕಲು ಪುರಸೊತ್ತಿಲ್ಲ. ಒಂದು ಪರದೆ, ಜೊತೆಗೊಬ್ಬ ನರ್ಸ್, ಎರಡು ನಿಮಿಷ: ಇಷ್ಟನ್ನು ಪ್ರತಿ ಜ್ವರದ ರೋಗಿಗೂ ಒದಗಿಸಲೇಬೇಕು. ಹಕ್ಕಳೆ ಇಲ್ಲವೆಂದು ರೋಗವನ್ನು ತಳ್ಳಿಹಾಕುವಂತೆಯೂ ಇಲ್ಲ.

ರೋಗಾಣು ರಕ್ತನಾಳಗಳ ಒಳಪದರವನ್ನು ಕೆಡಿಸುತ್ತಾ ಹೋದಂತೆ ಎರಡನೇ ವಾರದ ಹೊತ್ತಿಗೆ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಸೋಲತೊಡಗಬಹುದು. ಪೆನಿಸಿಲಿನ್ ಬಳಗದ ಔಷಧಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೇಕಾದದ್ದು ಅಗ್ಗದ ಡಾಕ್ಸಿಸೈಕ್ಲಿನ್. ಬೇಗ ಶುರುಮಾಡಿದರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ಇಳಿಯುತ್ತದೆ. ಗರ್ಭಿಣಿಯರಿಗೆ ಅಜಿಥ್ರೊಮೈಸಿನ್.

ರೋಗ ಉಲ್ಬಣಿಸಿದ ಸುಮಾರು 800 ಮಂದಿಯ ಮೇಲೆ ಭಾರತದಲ್ಲಿ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಎರಡೂ ಔಷಧಿಗಳನ್ನು ಒಟ್ಟಿಗೆ ನರಕ್ಕೆ ಕೊಟ್ಟಾಗ, ಒಂದೊಂದನ್ನೇ ಕೊಟ್ಟದ್ದಕ್ಕಿಂತ ತೊಡಕುಗಳು ಬೇಗ ಕಳೆದವು. ಸಾವಿನ ಪ್ರಮಾಣ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅನುಮಾನ ಬಂದ ಕೂಡಲೇ, ಲ್ಯಾಬ್ ವರದಿಗೆ ಕಾಯದೆ ಔಷಧಿ ಆರಂಭಿಸಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ 2015ರಲ್ಲೇ ಹೇಳಿದೆ.